ಬಂದೂಕು ಒರೆಸಲು ಇಬ್ಬರು

ನಮ್ಮ ಮದುವೆಗೆ ಎಲ್ಲರೂ ಸ್ಟೀಲಿನ ಡಬ್ಬಿ ಕೊಟ್ಟರೆ ಬೆಳಗಾವಿಯ ಸೋದರಮಾವ ಒಂದು ಏರ್‌ಗನ್ ಕೊಟ್ಟರು. ಇವರ ಸೋದರಮಾವ, ನನ್ನವರಲ್ಲ. ನಮ್ಮ ಕಡೆಯವರಿಗೆ ಅಷ್ಟು ಹುಚ್ಚಿಲ್ಲ.

ಎಪ್ಪತ್ತರ ದಶಕದ ಆರಂಭ. ಧಾರವಾಡ ಬಿಟ್ಟು ಘಾಟ್ಕೋಪರಿನ ಚಾಳಿನ ಒಂದೇ ಖೋಲಿಗೆ ಸೊಸೆಯಾಗಿ ಬಂದಿದ್ದೆ. ಮಾವ ತೀರಿಕೊಂಡು ವರ್ಷಗಳಾಗಿದ್ದವು. ಖೋಲಿಯಲ್ಲಿ ಅತ್ತೆ, ಇಬ್ಬರು ಮೈದುನರು, ನಾವಿಬ್ಬರು, ಟ್ರಂಕು, ಸ್ಟೋವು, ಮೂಲೆಗೆ ಒರಗಿದ ಆ ಬಂದೂಕು. ರಾತ್ರಿ ನಮ್ಮ ಪಾಲಿಗೆ ಹಳೆ ಸೀರೆಯ ಒಂದು ಪರದೆ. ಹಲಗೆ ಗೋಡೆಯ ಆಚೆ ಪಕ್ಕದ ಮನೆಯವರು ಆಕಳಿಸಿದರೂ ಕೇಳುತ್ತಿತ್ತು. ಮದುವೆಯಾಗಿ ತಿಂಗಳಾದರೂ ಗಂಡಹೆಂಡತಿ ಆಡಿದ ಮಾತೆಂದರೆ “ಚಹಾ ಆತೇನು?”, “ಆತ್ರಿ.” ಅಷ್ಟೇ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಕಟ್ಟಿಕೊಂಡವರು ನಕ್ಕರೆ ಹೇಗಿರುತ್ತಾರೆ ಎಂದು ಕೂಡ ಗೊತ್ತಿಲ್ಲದೆ ಸಂಸಾರ ಮಾಡುವುದೆಂದರೇನು?

ಒಂದು ಭಾನುವಾರ ಇವರು ಬಂದೂಕು ಎತ್ತಿಕೊಂಡು, ನೆಲ ನೋಡುತ್ತಾ ಹೇಳಿದರು. “ಅವ್ವಾ, ಗಚ್ಚಿ ಮ್ಯಾಲ ಹೋಗಿ ಇದರ ನಳಿಕಿ ಒರಸಿಕೊಂಡ ಬರ್ತೀನಿ. ಆದ್ರ ಈ ಕೆಲಸಕ್ಕ ಇಬ್ರು ಬೇಕು. ಒಬ್ರು ಹಿಡೀಬೇಕು, ಒಬ್ರು ಎಳೀಬೇಕು.”

“ತಮ್ಮನ್ನ ಕರಕೊಂಡ ಹೋಗು,” ಅಂದರು ಅತ್ತೆ.

“ಅವನ ಕೈ ಒರಟ ಅದ.”

ಅತ್ತೆ ಒಮ್ಮೆ ಮಗನನ್ನು, ಒಮ್ಮೆ ನನ್ನನ್ನು ನೋಡಿ “ಹೋಗವಾ” ಅಂದರು. ನಾನು ಮೆಟ್ಟಿಲು ಹತ್ತಲಿಲ್ಲ, ಹಾರಿದೆ.

ಗಚ್ಚಿಯ ಮೇಲೆ ನೀರಿನ ಟಾಕಿ, ಯಾರೋ ಒಣಹಾಕಿದ ಹಪ್ಪಳ, ಕೆಳಗಿನಿಂದ ಲೋಕಲಿನ ಸದ್ದು. ಬೇರೆ ಯಾರೂ ಇಲ್ಲ. ಯಾರೂ ಇಲ್ಲ! ಇವರು ಬಂದೂಕನ್ನು ನಡುವೆ ಮಡಚಿದರು. ನಳಿಕೆಯ ಹಿಂಬಾಯಿ ತೆರೆದುಕೊಂಡಿತು. ಅಲ್ಲಿಂದ ದಾರ ತೂರಿಸಿ, ಅದರ ತುದಿಗೆ ಫ್ಲಾನೆಲ್ ಬಟ್ಟೆಯ ತುಂಡು ಕಟ್ಟಿ, ಹೊಲಿಗೆ ಯಂತ್ರದ ಎಣ್ಣೆ ಸವರಿ, ಮುಂದಿನ ಬಾಯಿಯಿಂದ ಎಳೆಯಬೇಕು. ಇವರು ಹಿಡಿದರು, ನಾನು ಎಳೆದೆ. ಬಟ್ಟೆ ಸಿಕ್ಕಿಕೊಂಡಿತು. ಸಿಟ್ಟಿನಿಂದ ಜಗ್ಗಿದೆ. ಬಟ್ಟೆ ಫಟ್ಟನೆ ಹೊರಗೆ ಬಂತು, ನಾನು ಹಿಂದಕ್ಕೆ ಹೋಗಿ ಹಪ್ಪಳದ ಮೇಲೆ ಕೂತೆ. ಆಗ ಇವರು ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆ ಕ್ಷಣದಲ್ಲಿ ನಾನು ಇವರನ್ನು ಮೆಚ್ಚಿಕೊಂಡೆ. ಅದಕ್ಕಿಂತ ಮೊದಲು ಬರೀ ಮದುವೆಯಾಗಿತ್ತು.

ಆಮೇಲೆ ನಳಿಕೆಗೆ ಎಷ್ಟು ಕೊಳೆ ಹಿಡಿಯತೊಡಗಿತೆಂದರೆ, ಭಾನುವಾರ ಒಂದೇ ಸಾಲದಾಯಿತು. ಬುಧವಾರವೂ ಒರೆಸಿದೆವು. ಕೊನೆಗೆ ಇವರು ಆಫೀಸಿನಿಂದ ಬಂದ ಕೂಡಲೇ ದಿನವೂ ಒರೆಸಿದೆವು. ನಡುನಡುವೆ ನಿಜವಾಗಿಯೂ ಗುರಿ ಹಿಡಿಯುತ್ತಿದ್ದೆವು ಅನ್ನಿ. ಸುರುಳಿ ಸುತ್ತಿದ ಹಾಸಿಗೆಯ ಮೇಲೆ ಬಂದೂಕು ಊರಿ, ಒಂದೊಂದು ಜಾತಿಯ ಗುಂಡನ್ನು ಬೇರೆ ಬೇರೆ ಕಾಗದಕ್ಕೆ ಹೊಡೆದು ನೋಡಿದೆವು. ಚೂಪು ಮೂತಿಯವು ನೋಡಲಿಕ್ಕೆ ಭಾರಿ ಜೋರು, ಆದರೆ ಕಾಗದದ ತುಂಬ ಚೆಲ್ಲಾಪಿಲ್ಲಿ. ಅಂಥ ಮನುಷ್ಯರೂ ನನಗೆ ಗೊತ್ತು. ಉರುಟು ತಲೆಯವು ಪರವಾಗಿಲ್ಲ. ಚಪ್ಪಟೆ ತಲೆಯವು ಮಾತ್ರ ಕಾಗದವನ್ನು ದುಂಡಗೆ ಕತ್ತರಿಸಿ, ಎಲ್ಲ ತೂತುಗಳೂ ಒಂದು ನಾಲ್ಕಾಣೆಯ ಕೆಳಗೆ ಮುಚ್ಚುವಷ್ಟು ಹತ್ತಿರ ಬಿದ್ದವು. ಸೀಸ ಮೆತ್ತಗಿರುವುದರಿಂದ ಡಬ್ಬಿಯಲ್ಲೇ ಕೆಲವಕ್ಕೆ ಅಂಚು ಸೊಟ್ಟಗಾಗಿರುತ್ತಿತ್ತು. ನಾನು ಅವನ್ನು ಮೊರಕ್ಕೆ ಸುರಿದು ಅಕ್ಕಿ ಆರಿಸಿದಂತೆ ಆರಿಸಿ ಸೊಟ್ಟದ್ದನ್ನು ಎಸೆಯುತ್ತಿದ್ದೆ. “ಸೀಸ ಮುಟ್ಟಿದ ಕೈ, ತೊಳಕೋ ಮೊದಲ,” ಎಂದು ಇವರು ತಂಬಿಗೆಯಿಂದ ನೀರು ಹಾಕುತ್ತಿದ್ದರು. ಆ ಕೈ ತೊಳೆಯುವುದಕ್ಕೂ ಸಾಕಷ್ಟು ಹೊತ್ತು ಹಿಡಿಯುತ್ತಿತ್ತು.

ಅತ್ತೆಯ ತಾಳ್ಮೆ ಒಂದು ದಿನ ಮುಗಿಯಿತು. “ಇಷ್ಟ ತಿಕ್ಕಿದ ಮ್ಯಾಲ ಒಂದ ಬಹುಮಾನರೆ ತರಬೇಕಲ್ಲ? ಗೋರೆಗಾಂವದಾಗ ನಮ್ಮ ಮಂದಿ ಸಂಘದ ಗುರಿ ಹೊಡಿಯೂ ಸ್ಪರ್ಧಾ ಅದ. ಅಲ್ಲಿ ಗೆದ್ದಕೊಂಡ ಬಾ. ಇಲ್ಲಾಂದ್ರ ಬಂದೂಕ ಬೆಳಗಾವಿಗೆ ವಾಪಸ್. ಕಾಲ ಚಾಚಲಿಕ್ಕೆ ಜಾಗಾ ಆಗ್ತದ.”

ಬಂದೂಕು ಹೋದರೆ ಗಚ್ಚಿ ಹೋಯಿತು. ಗಚ್ಚಿ ಹೋದರೆ ಮತ್ತೆ “ಚಹಾ ಆತೇನು?” ಗೆಲ್ಲಲೇಬೇಕೆಂದು ಸ್ಪರ್ಧೆಯ ದಿನ ಬೆಳಿಗ್ಗೆ ಎದ್ದು, ಎಂದೂ ಇಲ್ಲದಷ್ಟು ಎಣ್ಣೆ ಹಾಕಿ, ನಳಿಕೆಯೊಳಗೆ ಮುಖ ಕಾಣುವ ಹಾಗೆ ಉಜ್ಜಿದೆವು. ಅತ್ತೆಯೂ ಹೊರಟರು. ದಾದರಿನಲ್ಲಿ ಗಾಡಿ ಬದಲಿಸಿ ಮೂವರೂ ಗೋರೆಗಾಂವ್ ಮುಟ್ಟಿದೆವು.

ಇವರ ಮೊದಲ ಗುಂಡಿಗೆ ಢಮ್ಮೆಂದು ಸದ್ದಾಗಿ ನಳಿಕೆಯಿಂದ ಹೊಗೆ ಬಂತು. ಅತ್ತೆ ಕಿವಿ ಮುಚ್ಚಿಕೊಂಡರು. ಹುಡುಗರು ಚಪ್ಪಾಳೆ ತಟ್ಟಿದರು. ಗುಂಡು ಗುರಿಹಲಗೆಯನ್ನು ಸೋಕಲೂ ಇಲ್ಲ. ಮುಂದಿನವು ಒಂದು ಮೇಲೆ, ಒಂದು ಕೆಳಗೆ. ಕೊನೆಯ ಎರಡು ಮಾತ್ರ ನಟ್ಟನಡುವಿನ ಕಪ್ಪಿಗೆ ಬಡಿದವು. ಅಷ್ಟರಲ್ಲಿ ಸರದಿ ಮುಗಿದಿತ್ತು.

ಸ್ಪರ್ಧೆ ನಡೆಸುತ್ತಿದ್ದ ವಿಜಾಪುರದ ನಿವೃತ್ತ ಹವಾಲ್ದಾರರು ಬಂದೂಕು ಮಡಚಿ ಒಳಗೆ ಇಣುಕಿದರು. “ಯಾವಾಗ ಒರಸೀಪಾ ಇದನ್ನ?”

“ಇವತ್ತ ಮುಂಜಾನೆ.”

“ಅದರ ಮೊದಲ?”

“ನಿನ್ನೆ.”

“ಅದರ ಮೊದಲ?”

ಸುಳ್ಳು ಹೇಳಲು ಬಾರದ ಮಹಾನುಭಾವರು. “ಮೊನ್ನೆ,” ಅಂದರು.

“ಏರ್‌ಗನ್ ನಳಿಕಿ ದಿನಾ ಒರಸೂ ಮನಷ್ಯಾನ್ನ ನಾ ಇವತ್ತ ನೋಡಿದೆ! ಒಳಗ ಸೀಸ ಸ್ವಲ್ಪ ಮೆತ್ತಿಕೋಬೇಕಪಾ, ಆಗ ಗುಂಡು ಒಂದ ದಾರಿ ಹಿಡೀತೈತಿ. ನೀ ಎಣ್ಣಿ ಬ್ಯಾರೆ ಸುರದೀ, ಅದ ಒಳಗ ಹೊತ್ತಿ ಹೊಗಿ ಬಂತು. ಗುರಿ ತಪ್ಪಾಕ ಹತ್ತಿದಾಗ ಅಷ್ಟ ಒರಸು, ಸಾಕು.”

“ನಾವು ಇಬ್ರು ಕೂಡಿ ಒರಸ್ತೀವ್ರಿ…”

“ಇಬ್ರಾ? ಅದಕ್ಕ ಒಬ್ಬ ಸಾಕಲ್ಲೋ!”

ಪಕ್ಕದಲ್ಲೇ ಅತ್ತೆ ಕೂತಿದ್ದರು. ಭೂಮಿ ಬಾಯಿಬಿಟ್ಟರೆ ಒಳಗೆ ಇಳಿದುಬಿಡುತ್ತಿದ್ದೆ. ವಾಪಸು ಬರುವಾಗ ಲೋಕಲಿನಲ್ಲಿ ಅವರು ಕಿಟಕಿಯ ಆಚೆ ನೋಡುತ್ತಾ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದರು. ಸಿಟ್ಟು ನುಂಗುತ್ತಿದ್ದಾರೆಂದುಕೊಂಡೆ.

ಆ ವಾರವಿಡೀ ಇವತ್ತು ಬಂದೂಕು ಬೆಳಗಾವಿಗೆ ಹೊರಟಿತು, ನಾಳೆ ಹೊರಟಿತು ಎಂದು ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ಗಚ್ಚಿಗೆ ಹೋಗುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಭಾನುವಾರ ಊಟವಾದ ಮೇಲೆ ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು. “ಬಂದೂಕ ಒರಸೂದಿಲ್ಲೇನು ಇವತ್ತ?”

“ಹವಾಲ್ದಾರ್ರು ಬ್ಯಾಡ ಅಂದಾರಲ್ಲವ್ವಾ. ಗುರಿ ಕೆಡ್ತದಂತ,” ಅಂದರು ಇವರು. ನನಗೆ ಹಣೆ ಹಣೆ ಚಚ್ಚಿಕೊಳ್ಳಬೇಕೆನಿಸಿತು.

“ಕೆಟ್ರ ಕೆಡ್ಲಿ,” ಅಂದರು ಅತ್ತೆ. ಎಲೆ ಮಡಚಿ ಕೈಯಲ್ಲೇ ಇಟ್ಟುಕೊಂಡರು. “ನಾನೂ ಇದ ಖೋಲಿಗೆ ಹೊಸಾ ಸೊಸಿ ಆಗಿ ಬಂದಾಕಿ. ಅತ್ತಿ, ಮಾವ, ನಾದಿನಿ, ಎಲ್ಲಾರೂ ಇಲ್ಲೇ. ನಿಮ್ಮಪ್ಪನ ಕೂಡ ಕೂತು ನಾಕ ಮಾತ ಆಡಬೇಕು ಅಂತ ಭಾಳ ಆಶಾ ಇತ್ತು. ನಮಗ ಬಂದೂಕ ಇರಲಿಲ್ಲ.”

ನಾನು ಅವರ ಕಾಲು ಮುಟ್ಟಲು ಬಗ್ಗಿದೆ. “ಸಾಕ ನಡಿ, ಹೊತ್ತ ಹೋಗ್ತದ,” ಎಂದು ಬೆನ್ನಿಗೊಂದು ಗುದ್ದಿದರು.

ಗಚ್ಚಿ ಮುಟ್ಟಿದ ಮೇಲೆ ನೋಡಿದರೆ ಬಂದೂಕು ಕೆಳಗೇ ಉಳಿದಿತ್ತು. ತರಲು ಇಬ್ಬರಲ್ಲಿ ಯಾರೂ ಇಳಿಯಲಿಲ್ಲ.