ದೇವರ ರೂಪಾಯಿಯ ಮುಕ್ಕು

ಯಾವ ನಾಣ್ಯ ಕೈಗೆ ಬಂದರೂ ಮೊದಲು ಅದರ ಅಂಚು ಸವರಿ ನೋಡುವುದು ನನ್ನ ದುರಭ್ಯಾಸ. ಯರಗೇರಾದ ಬಸ್ಸಿನಲ್ಲಿ ಚಿಲ್ಲರೆಯನ್ನು ಹೀಗೆ ತಿರುವಿ ತಿರುವಿ ನೋಡಿ, "ಯಾಕ್ರೀ ಸರ, ನಾ ಖೋಟಾ ಕೊಟ್ಟೀನೇನು?" ಎಂದು ಕಂಡಕ್ಟರನಿಂದ ಅನ್ನಿಸಿಕೊಂಡಿದ್ದೇನೆ. ನೀವು ನಕ್ಕರೂ ಅಡ್ಡಿಯಿಲ್ಲ; ತಿದ್ದಲು ಉತ್ತರಪತ್ರಿಕೆಗಳಿಲ್ಲದ ನಿವೃತ್ತ ಮಾಸ್ತರನಿಗೆ ತಪ್ಪು ಹುಡುಕಲು ಏನಾದರೂ ಬೇಕಲ್ಲ.

ನಾಣ್ಯದ ಊನಗಳಲ್ಲಿ ಎರಡು ಕುಲ: ಟಂಕಸಾಲೆಯಲ್ಲೇ ಜನ್ಮತಃ ಬಂದದ್ದು ಒಂದು, ಲೋಕಸಂಚಾರದಲ್ಲಿ ಆದ ಗಾಯ ಇನ್ನೊಂದು. ಅಚ್ಚು ಬೀಳುವ ಮೊದಲೇ ಬಿಲ್ಲೆ ಮುಕ್ಕಾಗಿದ್ದರೆ, ಅಂಚು ಕಟ್ಟುವ ಯಂತ್ರದಲ್ಲಿ ಈ ಬದಿಗೆ ಒತ್ತಡ ತಪ್ಪಿ, ನೇರ ಎದುರಿನ ಅಂಚೂ ಮಸುಕಾಗಿರುತ್ತದೆ. ಆಮೇಲೆ ಯಾರಾದರೂ ಕತ್ತರಿಸಿದ್ದರೆ ಎದುರಿನ ಅಂಚಿಗೆ ಅದರ ಸುದ್ದಿಯೇ ಇರುವುದಿಲ್ಲ. ಇಷ್ಟೇ ವಿದ್ಯೆಯ ಬಲದಿಂದ ರಾಯಚೂರಿನ ಸರಾಫರ ನಡುವೆ ನಾನು ಪಂಡಿತನೆನಿಸಿಕೊಂಡಿದ್ದೇನೆ.

ಕಳೆದ ತಿಂಗಳು ದೇವದುರ್ಗದ ಹತ್ತಿ ವ್ಯಾಪಾರಿಯೊಬ್ಬರು ಮುಕ್ಕಾದ ಬೆಳ್ಳಿ ರೂಪಾಯಿ ತಂದಾಗ ಈ ಪುರಾಣವನ್ನೆಲ್ಲ ಬಿಚ್ಚಿದೆ. ಚಹಾ ತಂದ ನನ್ನ ಹೆಂಡತಿ ನೀಲಮ್ಮ ನಿಂತೇ ಕೇಳಿಸಿಕೊಂಡಳು. ಅವರು ಹೋದ ಮೇಲೆ ದೇವರ ಕೋಣೆಯಿಂದ, ತಲೆಮಾರುಗಳಿಂದ ಪೂಜೆಯಲ್ಲಿದ್ದ ನಮ್ಮದೇ ಚಾರ್ಮಿನಾರ್ ಛಾಪಿನ ಬೆಳ್ಳಿ ರೂಪಾಯಿ ತಂದು ನನ್ನ ಮುಂದಿಟ್ಟಳು.

"ಊರ ಮಂದಿವೆಲ್ಲಾ ನೋಡ್ತೀರಿ. ಇದನ್ನೂ ಒಮ್ಮಿ ನೋಡ್ರಿ."

ನಾವು ಮಾನ್ವಿಯಲ್ಲಿದ್ದಾಗ, ಮದುವೆಯಾದ ಮೊದಲ ದೀಪಾವಳಿಗೆ, ಅವಳು ಹುಣಸೆಹಣ್ಣು ಹಚ್ಚಿ ಈ ರೂಪಾಯಿಯನ್ನು ತಿಕ್ಕಿ ತೊಳೆದಿದ್ದಳು. ಅದೆಷ್ಟೋ ವರ್ಷಗಳಿಂದ ಮೆತ್ತಿಕೊಂಡಿದ್ದ ವಿಭೂತಿ, ಗಂಧ, ಕುಂಕುಮ ಕಳಚಿ, ಅಂಚಿನಲ್ಲಿ ಕಿರುಬೆರಳಿನ ಉಗುರಿನಷ್ಟು ಮುಕ್ಕು ಕಾಣಿಸಿತು. ಅವಳು ಅದೇ ವಾರ ಅಕ್ಕಸಾಲಿ ಪತ್ತಾರನ ಹತ್ತಿರ ಮುರಿದ ಕಾಲುಂಗುರಕ್ಕೆ ಬೆಸುಗೆ ಹಾಕಿಸಿಕೊಂಡು ಬಂದಿದ್ದಳು.

"ದೇವರ ಬೆಳ್ಳಿ ಕಡಿದು ಕಾಲಿಗೆ ಹಾಕ್ಕೊಂಡಿ ಏನ?" ಎಂದಳು ನನ್ನವ್ವ.

"ನಾ ಕಡಿದಿಲ್ಲ, ಅತ್ತಿ" ಎಂದು ಒಮ್ಮೆಯಷ್ಟೇ ಹೇಳಿ, ನೀಲಮ್ಮ ನನ್ನ ಮುಖ ನೋಡಿದಳು. ನಾನು ಪತ್ರಿಕೆಯ ಪುಟ ಮಗುಚಿದೆ. ಅವ್ವ ಸಾಯುವವರೆಗೂ ದೇವರ ಪೆಟ್ಟಿಗೆಯ ಕೀಲಿಕೈಯನ್ನು ಸೊಸೆಗೆ ಕೊಡಲಿಲ್ಲ. ಕೊಡು ಎಂದು ನಾನೂ ಹೇಳಲಿಲ್ಲ. ಊರವರ ನಾಣ್ಯಗಳಿಗೆಲ್ಲ ಭೂತಗನ್ನಡಿ ಹಿಡಿದವನು ಇದೊಂದನ್ನು, ದೇವರದು ಎಂಬ ನೆಪದಲ್ಲಿ, ಮುಟ್ಟಿರಲಿಲ್ಲ. ನಿಜ ಹೇಳಬೇಕೆಂದರೆ, ಏನು ಕಾಣುತ್ತದೋ ಎಂಬ ಭಯವಿತ್ತು.

ಈಗ ಹಿಡಿದೆ. ಮುಕ್ಕಿನ ಬಳಿಯ ಫಾರ್ಸಿ ಅಕ್ಷರಗಳು ತುಂಡಾಗದೆ, ಅಂಚಿನತ್ತ ಜಾರಿದಂತೆ ಸಣ್ಣಗಾಗಿದ್ದವು. ಎದುರಿನ ಅಂಚು ಮಸುಕಾಗಿತ್ತು.

"ನೀಲಾ, ಇದು ಟಂಕಸಾಲ್ಯಾಗ ಆಗಿದ್ದು! ನೀ ಕಡಿದಿಲ್ಲ!" ಎಂದು ದೊಡ್ಡದೇನೋ ಕಂಡುಹಿಡಿದವನಂತೆ ಕೂಗಿ, ಭೂತಗನ್ನಡಿಯನ್ನು ಅವಳತ್ತ ಚಾಚಿದೆ.

ಅವಳು ತೆಗೆದುಕೊಳ್ಳಲಿಲ್ಲ.

"ನಾ ಕಡಿದಿಲ್ಲಂತ ನನಗ ಗೊತ್ತೇ ಇತ್ತಲ್ರೀ. ನಿಮಗ ಗೊತ್ತಾಗ್ಲಿ ಅಂತ ತಂದೆ."

ಟಂಕಸಾಲೆ ತಪ್ಪಿದ್ದು ಒಂದು ಗಳಿಗೆ. ಅವ್ವನೂ ಕಣ್ಣಿಗೆ ಕಂಡದ್ದನ್ನು ನಂಬಿದಳು. ಆಮೇಲಿನ ಗಾಯ ನನ್ನದು. ಅದನ್ನು ಮಾಡಲು ನಾನು ಸುಮ್ಮನೆ ಕೂತಿದ್ದೇ ಸಾಕಾಗಿತ್ತು. ನಾಚಿಕೆಯಾಯಿತು. ತಪ್ಪಾಯಿತೆಂದೆ. ಅವಳು ಚಹಾದ ಕಪ್ಪುಗಳನ್ನೆತ್ತಿಕೊಂಡು ಒಳಗೆ ಹೋದಳು.

ಮರುದಿನ ಸೋಮವಾರ. ಅವ್ವ ಹೋದ ಮೇಲೆ ಇಷ್ಟು ವರ್ಷ ಮುಕ್ಕನ್ನು ಹೂವಿನಡಿ ಮುಚ್ಚಿಡುತ್ತಿದ್ದವಳು, ಅಂದು ಪೂಜೆಯಲ್ಲಿ ಹೂವನ್ನು ಪಕ್ಕಕ್ಕೆ ಸರಿಸಿ, ರೂಪಾಯಿಯ ಮುಕ್ಕನ್ನು ನಾನು ಕೂತ ಕಡೆಗೇ ತಿರುಗಿಸಿಟ್ಟಳು. ಅಂಚು ಸವರಲು ಅಭ್ಯಾಸಬಲದಿಂದ ಮುಂದೆ ಹೋದ ಕೈಯನ್ನು ಹಿಂದಕ್ಕೆಳೆದು, ಕೈ ಮುಗಿದೆ.