ಪೂರಿಯಂತೆ ಉಬ್ಬಿದ ಬ್ಯಾಟರಿ

ಕಳೆದ ವರ್ಷದ ಆ ಮಂಗಳವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಎಲ್ಲ ಕೆಟ್ಟಿತು. ಪುಣೆಯ ಮಗರಪಟ್ಟಾದ ಮೊಬೈಲ್ ರಿಪೇರಿ ಅಂಗಡಿಯೊಂದರಲ್ಲಿ ನಾನು ಸೀನಿಯರ್ ಟೆಕ್ನಿಷಿಯನ್. ಹನ್ನೆರಡು ವರ್ಷದ ಅನುಭವವಿತ್ತು. ಆ ದಿನ ಉಪಯೋಗಕ್ಕೆ ಬರಲಿಲ್ಲ.

ಅದಕ್ಕೆ ಅರ್ಧ ಗಂಟೆ ಮೊದಲು ಪಕ್ಕದ ಬೀದಿಯ ಹೋಟೆಲಿನ ಶೆಟ್ಟರು ಬಂದಿದ್ದರು. ಇಡ್ಲಿಗೆಂದು ಅಕ್ಕಿ ನೆನೆಸಿಟ್ಟ ನೀರಿಗೆ ಅವರ ಫೋನು ಬಿದ್ದಿತ್ತು. ಒಣಗಲೆಂದು ಅಕ್ಕಿ ಡಬ್ಬಿಯಲ್ಲಿ ಹುಗಿದಿದ್ದರು. ಆನ್ ಆಗದಿದ್ದಾಗ ದೋಸೆ ಕಾವಲಿಯ ಅಂಚಿಗಿಟ್ಟು ಕಾಯಿಸಿದ್ದರು. ಅದೂ ಸಾಲದೆ ಚಾರ್ಜಿಗೆ ಹಾಕಿದ್ದರು. ಅಕ್ಕಿಯಿಂದ ಫೋನು ಒಣಗುವುದಿಲ್ಲ ಎಂದು ಈ ಊರಲ್ಲಿ ಮೂರು ಭಾಷೆಯಲ್ಲಿ ಹೇಳಿ ನನಗೆ ಸಾಕಾಗಿದೆ.

"ಅಕ್ಕಿ ನೀರಾಗ ಬಿದ್ದಿದ್ದನ್ನ ಮತ್ತ ಅಕ್ಕಿಗೇ ಹಾಕೀರಲ್ರಿ," ಎಂದೆ.

"ಮತ್ತೆಂತ ಮಾಡುವುದು ಮಾರಾಯ್ರೆ? ಮಗಳ ಮದುವೆ ಫೋಟೊ ಪೂರಾ ಇದರಲ್ಲೇ ಉಂಟು. ಬೇರೆಲ್ಲೂ ಇಲ್ಲ."

ಗ್ರಾಹಕರು ಕೌಂಟರ್ ದಾಟಬಾರದೆಂಬುದು ನಮ್ಮ ನಿಯಮ. ದಿನವಿಡೀ ಮರಾಠಿ ಮಾತಾಡುವ ನನಗೆ ಕನ್ನಡ ಕಿವಿಗೆ ಬಿದ್ದರೆ ನಿಯಮ ಮರೆಯುತ್ತದೆ. ಬೆಂಚಿನ ಪಕ್ಕದಲ್ಲೇ ಸ್ಟೂಲ್ ಹಾಕಿ ಕೂರಿಸಿದೆ.

ಫೋನು ಬಿಚ್ಚಿದರೆ ಬ್ಯಾಟರಿ ಉಬ್ಬಿತ್ತು, ಅಂದರೆ ಒಳಗೆ ಗ್ಯಾಸ್ ತುಂಬಿತ್ತು. ಅಂಥದ್ದನ್ನು ತಕ್ಷಣ ಮರಳಿನ ಬಕೆಟ್ಟಿಗೆ ಹಾಕಬೇಕು. ಬಕೆಟ್ಟು ಎರಡು ಹೆಜ್ಜೆ ದೂರದಲ್ಲಿತ್ತು. ನಾನು ಬ್ಯಾಟರಿಯನ್ನು ಟ್ರೇಯಲ್ಲಿಟ್ಟು, ಫೋಟೊಗಳೆಲ್ಲ ಇರುವ ಸರ್ಕ್ಯೂಟ್ ಬೋರ್ಡ್ ತೊಳೆಯಲು ಮೈಕ್ರೋಸ್ಕೋಪಿನತ್ತ ತಿರುಗಿದೆ.

"ಇದೆಂತ, ಒಳ್ಳೆ ಪೂರಿ ಹಾಗೆ ಉಬ್ಬಿದೆ," ಶೆಟ್ಟರು ನಕ್ಕರು.

"ಮುಟ್ಟಬ್ಯಾಡ್ರಿ" ಎಂದು ನಾನು ಹೇಳುವಷ್ಟರಲ್ಲಿ ಅವರು ನನ್ನ ಚಿಮಟ ಎತ್ತಿಕೊಂಡು, ಅದರ ಮೊನೆಯಿಂದ ಬ್ಯಾಟರಿಯನ್ನು ಚುಚ್ಚಿಯಾಗಿತ್ತು. ಮೂವತ್ತು ವರ್ಷ ಪೂರಿ ಚುಚ್ಚಿ ಹಬೆ ಬಿಟ್ಟ ಕೈ ಅದು, ಅವರನ್ನು ಕೇಳಲೇ ಇಲ್ಲ.

ಸುಸ್ಸೆಂದು ಹೊಗೆ, ಹಿಂದೆಯೇ ಮೊಳದುದ್ದ ಬೆಂಕಿ. ಗೇಣು ದೂರದಲ್ಲಿ ಬೋರ್ಡ್ ತೊಳೆಯುವ ಆಲ್ಕೋಹಾಲ್ ಬಾಟಲಿ. ಅದನ್ನು ಎಳೆದೆಸೆದು ಮರಳು ಸುರಿದೆ. ಬೆಂಕಿ ಆರಿತು, ಆದರೆ ಅವರ ಬಲಗೈ ಬೆರಳುಗಳು ಸುಟ್ಟಿದ್ದವು. ಆಸ್ಪತ್ರೆಗೆ ಹೋಗುವ ರಿಕ್ಷಾದಲ್ಲಿ, "ಫೋಟೊ ಹೋಯಿತಾ?" ಎಂದು ಕೇಳಿದರು. ನನಗೆ ಅವರ ಮೇಲೆ, ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೆ, ವಿಪರೀತ ಸಿಟ್ಟು ಬಂತು.

ಬೋರ್ಡ್ ಉಳಿದಿತ್ತು. ಸಂಜೆಯೊಳಗೆ ಫೋಟೊಗಳೆಲ್ಲ ಸಿಕ್ಕವು. ನಿದ್ದೆ ಮಾತ್ರ ವಾರಗಟ್ಟಲೆ ಸಿಗಲಿಲ್ಲ. ಕಣ್ಣು ಮುಚ್ಚಿದರೆ ಆ ಬಾಟಲಿ. ಪ್ರತಿ ಸಲ ಬೆಂಕಿಗೆ ಇನ್ನಷ್ಟು ಹತ್ತಿರ.

ಎದುರಿನವರು ವಸ್ತುವನ್ನು ನೋಡುವುದು ಅವರ ಕಸುಬಿನ ಕಣ್ಣಿನಿಂದ, ನನ್ನದರಿಂದಲ್ಲ. ಈಗ ಉಬ್ಬಿದ ಬ್ಯಾಟರಿ ಕಂಡರೆ ಮೊದಲು ಮರಳು, ಆಮೇಲೆ ಮಾತು. ಕನ್ನಡದವರಾದರೂ ಕೌಂಟರಿನಾಚೆಯೇ.

ಆರನೇ ವಾರ ಹೋಟೆಲಿಗೆ ಕರೆದು, ಶೆಟ್ಟರೇ ಬಡಿಸಿದರು. ತೆಳು ಗುಲಾಬಿ ಚರ್ಮ ಬಂದಿದ್ದ ಬೆರಳನ್ನು ಪೂರಿಯ ಮೇಲೆ ಹಿಡಿದು, "ಇದನ್ನು ಚುಚ್ಚಬಹುದಲ್ವಾ ಎಂಜಿನಿಯರ್ರೇ?" ಎಂದರು.

ಆ ರಾತ್ರಿ ಬೆಳಗಿನವರೆಗೆ ನಿದ್ದೆ ಮಾಡಿದೆ.