ಕಲ್ಲಿನ ಕೊನೆಯ ಸಾಲು

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾವು ವಡೋದರಾದಲ್ಲಿದ್ದೆವು, ಬ್ರಿಟಿಷರ ಕಾಲದ ಹಳೆಯ ಮಿಲಿಟರಿ ಕ್ಯಾಂಪಿನ ಕಡೆ. ನಮ್ಮವರಿಗೆ ವಿಮಾ ಕಚೇರಿಯ ವರ್ಗಾವಣೆ. ನಲ್ಲಿಯಲ್ಲಿ ನೀರು ಬರುತ್ತಿದ್ದದ್ದು ಬೆಳಿಗ್ಗೆ ಆರರಿಂದ ಏಳೂವರೆ ತನಕ ಮಾತ್ರ. ಎರಡು ಡ್ರಮ್ಮು, ಒಂದು ಹಂಡೆ, ಐದು ಬಿಂದಿಗೆ ತುಂಬಿಟ್ಟರೆ ದಿನ ಸಾಗುತ್ತಿತ್ತು. ಈ ನೀರಿನ ಸಂಗತಿ ಹೇಳದೆ ಮುಂದಿನದನ್ನು ಹೇಳಲು ಬರುವುದಿಲ್ಲ. ಹೇಳಿದರೂ ಅದು ನೆಪವೇ.

ಕೆಳಗಿನ ಮನೆಯಲ್ಲಿ ನಿವೃತ್ತ ಟೀಚರ್ ಒಬ್ಬರಿದ್ದರು, ಗುಜರಾತಿ ಕ್ರೈಸ್ತರು. ಅವರ ಚರ್ಚಿಗೆ ಐರ್ಲೆಂಡಿನಿಂದ ಒಂದು ಕಾಗದ ಬಂದಿತ್ತು. ಬರೆದ ಹೆಂಗಸಿನ ಮುತ್ತಜ್ಜ ಬ್ರಿಟಿಷರ ಸೈನ್ಯದಲ್ಲಿ ಸಾರ್ಜೆಂಟಾಗಿ ಬಂದು ಇಲ್ಲೇ ತೀರಿಕೊಂಡಿದ್ದ. ಅವನ ಎಳೆಗೂಸೊಂದನ್ನೂ ಅದೇ ಸಮಾಧಿಯಲ್ಲಿ ಇಟ್ಟಿದ್ದರಂತೆ. ವಿಧವೆ ಉಳಿದ ಮಕ್ಕಳನ್ನು ಕರೆದುಕೊಂಡು ಊರಿನ ಹಡಗು ಹತ್ತಿದಳು. ಆ ಕೂಸಿನ ಹೆಸರು ಈಗ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಹಳೆಯ ದಾಖಲೆಗಳಲ್ಲೂ ಸಿಕ್ಕಿಲ್ಲ. ಕಾಗದ ಬರೆದವರ ತಾಯಿಗೆ ತೊಂಬತ್ತು ಹತ್ತಿರ. ಐರ್ಲೆಂಡಿನ ಅವರ ಊರಿನ ಸ್ಮಶಾನದಲ್ಲಿ ಮನೆತನದ ಕಲ್ಲೊಂದಿದೆ, ಅದರ ಮೇಲೆ ಕೂಸಿನ ಹೆಸರನ್ನೂ ಕೆತ್ತಿಸಿಯೇ ಕಣ್ಣು ಮುಚ್ಚಬೇಕೆಂದು ಅವರ ಹಟ. ಬರೋಡದ ಕಲ್ಲಿನ ಮೇಲೆ ಇರಬಹುದು, ಯಾರಾದರೂ ಓದಿ ಬರೆದು ಕಳಿಸುವಿರಾ ಎಂದು ಕೇಳಿದ್ದರು.

“ನನ್ನ ಮಂಡಿ ಮಾತು ಕೇಳಲ್ಲ, ಬೆನ್. ನಿಮ್ಮ ಅಕ್ಷರವೋ, ಮುತ್ತು ಪೋಣಿಸಿದ ಹಾಗೆ,” ಎಂದರು ಟೀಚರ್, ಹಿಂದಿಯಲ್ಲಿ. ಬೆನ್ ಅಂದರೆ ಅಲ್ಲಿ ಅಕ್ಕ. ನಾನು ಉಬ್ಬಿ ಒಪ್ಪಿಕೊಂಡೆ.

ಶ್ರಾವಣ ಮಾಸ. ಇವತ್ತು ನಾಳೆ ಎಂದು ತಳ್ಳುತ್ತ ಬಂದು, ಕೊನೆಗೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನವೇ ಕ್ಯಾಂಪಿನ ಹಳೆಯ ಸ್ಮಶಾನಕ್ಕೆ ಹೋಗಬೇಕಾಯಿತು. ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಸೀರೆಯ ನೆರಿಗೆ ಎತ್ತಿ ಹಿಡಿದು, ಕಲ್ಲಿನಿಂದ ಒಂದು ಮಾರು ದೂರ ನಿಂತು, ಹೆಸರು, ಪಲ್ಟನ್ನು, ತಾರೀಕು, ವಯಸ್ಸು ಎಲ್ಲ ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಕಲ್ಲಿನ ಬುಡ ಮಣ್ಣಿನಲ್ಲಿ ಹೂತಿತ್ತು. ಮಣ್ಣಿನಂಚಿನಲ್ಲಿ ಇನ್ನೊಂದು ಸಾಲಿನ ಅಕ್ಷರಗಳ ಮೇಲರ್ಧ ಮಾತ್ರ ಕಾಣುತ್ತಿತ್ತು.

ಹುಲ್ಲು ಸರಿಸಿ ನಾಲ್ಕು ಬೆರಳು ಮಣ್ಣು ಕೆರೆದಿದ್ದರೆ ಆಗುತ್ತಿತ್ತು. ಆದರೆ ಸಮಾಧಿ ಮುಟ್ಟಿದರೆ ತಲೆಗೆ ಸ್ನಾನ, ಸೀರೆ ನೆನೆಹಾಕಬೇಕು. ಮನೆಯಲ್ಲಿ ಉಳಿದದ್ದು ಅರ್ಧ ಡ್ರಮ್ಮು ನೀರು. ತೆಂಗಿನಕಾಯಿ ತುರಿಯುವುದು, ದೇವರ ಪಾತ್ರೆ ಬೆಳಗುವುದು ಎಲ್ಲ ಹಾಗೇ ಇತ್ತು. ಅಕ್ಕಪಕ್ಕದ ಕಲ್ಲುಗಳ ಬುಡದಲ್ಲಿ ಬೈಬಲ್ಲಿನ ಒಂದೊಂದು ವಾಕ್ಯವಿತ್ತು. ಇದೂ ಅದೇ ಇರಬೇಕು ಅಂದುಕೊಂಡೆ. ಆ ವಾಕ್ಯಗಳೆಲ್ಲ ಉದ್ದವಾಗಿದ್ದವು, ಈ ಸಾಲು ಮಾತ್ರ ಗಿಡ್ಡ. ಅದನ್ನೂ ನೋಡಿದ್ದೆ.

ಮನೆಗೆ ಬಂದು ಶುದ್ಧಪ್ರತಿ ಮಾಡಿದೆ. ಕೊನೆಯಲ್ಲಿ ಬರೆದೆ: ‘ಇದರ ಹೊರತು ಕಲ್ಲಿನ ಮೇಲೆ ಬೇರೇನೂ ಇಲ್ಲ. ಮಗುವಿನ ಹೆಸರಿಲ್ಲ.’

ಆಮೇಲೆ, ಏನನ್ನೂ ಮುಟ್ಟಿರದಿದ್ದರೂ ಮನಸ್ಸು ತಡೆಯದೆ ತಲೆಗೆ ನೀರು ಹಾಕಿಕೊಂಡೇಬಿಟ್ಟೆ. ಇವರು ಕಚೇರಿಯಿಂದ ಬಂದವರು ಖಾಲಿ ಡ್ರಮ್ಮು ನೋಡಿ ನಕ್ಕರು. “ಸತ್ತು ನೂರು ವರ್ಷ ಆದವನಿಗೂ ಸ್ನಾನವೇನೇ? ಅವನ ಸೂತಕ ಅವನ ಮೊಮ್ಮಕ್ಕಳಿಗೇ ಮುಗಿದಿರತ್ತೆ.”

“ನೀವು ಸುಮ್ನಿರ್ರೀ,” ಎಂದೆ.

ಎರಡು ಚಳಿಗಾಲ ಕಳೆದ ಮೇಲೆ, ಕಾಗದ ಬರೆದಿದ್ದ ಆಕೆಯೇ ಬಂದರು. ಅರವತ್ತರ ಆಸುಪಾಸು, ಬೂದು ಕೂದಲು, ಗಟ್ಟಿ ಬೂಟು. ತಾಯಿ ಹಿಂದಿನ ವರ್ಷ ತೀರಿಹೋಗಿದ್ದರು.

“ಕಲ್ಲಿಗೆ ಏನು ಕೆತ್ತಿಸಿದಿರಿ ಕೊನೆಗೆ?” ಟೀಚರ್ ಕೇಳಿದರು.

“‘ಹೆಸರು ತಿಳಿಯದ ಒಂದು ಮಗು’ ಅಂತ. ಅಮ್ಮ ಇನ್ನೂ ಕಾಯೋಣ ಅಂದರು. ನಾನೇ ಒಪ್ಪಿಸಿದೆ. ಇವರ ಕಾಗದ ಅಷ್ಟು ಸ್ಪಷ್ಟವಾಗಿತ್ತು,” ಎಂದು ನನ್ನ ಕಡೆ ತಿರುಗಿ ಕೃತಜ್ಞತೆಯಿಂದ ನಕ್ಕರು.

ಮೂವರೂ ಆಟೋದಲ್ಲಿ ಹೋದೆವು. ಹುಲ್ಲು ಒಣಗಿ ಬಿದ್ದಿತ್ತು. ಆಕೆ ಚೀಲದಿಂದ ಮೆತ್ತನೆಯ ಬ್ರಷ್ಷು, ನೀರಿನ ಬಾಟಲಿ, ಮಂಡಿಯ ಕೆಳಗೆ ಹಾಕಿಕೊಳ್ಳಲು ಒಂದು ಚಿಂದಿ ತೆಗೆದರು. ಹೀಗೆ ಎಷ್ಟೋ ಕಲ್ಲು ತೊಳೆದ ಕೈ, ನೋಡಿದರೇ ತಿಳಿಯುತ್ತಿತ್ತು. ಬುಡದ ಮಣ್ಣು ಸರಿಸಿ ತೊಳೆಯಲು ಐದು ನಿಮಿಷ ಹಿಡಿಯಿತು, ಅಷ್ಟೆ. ಒಂದು ಹೆಣ್ಣು ಹೆಸರು, ಅದರ ಪಕ್ಕ ‘ಏಳು ತಿಂಗಳು’. ಆಕೆ ಹೆಸರನ್ನು ಎರಡು ಸಲ ಮೆಲ್ಲಗೆ ಓದಿಕೊಂಡು ಅಂಗೈಯನ್ನು ಅದರ ಮೇಲಿಟ್ಟು ಕೂತರು. ನಾನು ಒಂದು ಮಾರು ದೂರ, ಅವತ್ತು ನಿಂತಲ್ಲೇ ನಿಂತಿದ್ದೆ.

ತಿರುಗದೆಯೇ ಕೇಳಿದರು. “ನೀವು ಬಂದಾಗ ಮಳೆಗಾಲ ಅಲ್ಲವೇ? ಹುಲ್ಲು ಮುಚ್ಚಿತ್ತೇನೋ. ಕಾಣಿಸಿರಲಿಕ್ಕಿಲ್ಲ.”

“ಹೌದು, ಕಾಣಿಸಲಿಲ್ಲ,” ಎಂದೆ.

ಟೀಚರ್ ನನ್ನ ಮುಖ ನೋಡಿದರು. ಸಂಜೆ ಆಕೆ ನಮ್ಮ ಮನೆಯಲ್ಲಿ ಕಾಫಿ ಕುಡಿದು, ಚಕ್ಕುಲಿ ಮಾಡುವುದು ಹೇಗೆಂದು ಕೇಳಿ ಬರೆದುಕೊಂಡರು. ನಾನು ಒಂದನ್ನೂ ಬಿಡದೆ ಹೇಳಿದೆ, ಎಳ್ಳು ಎಷ್ಟು, ಓಮ ಎಷ್ಟು ಅಂತ.

ನಮಗೆ ಸೂರತ್ತಿಗೆ ವರ್ಗವಾದ ಮೇಲೆ, ಹಳೆಯ ವಿಳಾಸ ಸುತ್ತಿಕೊಂಡು ಒಂದು ಫೋಟೋ ಬಂತು. ಅವರ ಊರಿನ ಕಲ್ಲು. ಮೊದಲು ಕೆತ್ತಿದ ಸಾಲನ್ನು ಅಳಿಸಲು ಆಗಲಿಲ್ಲವಂತೆ. ಅದರ ಕೆಳಗೆ ಉಳಿದ ಚೂರು ಜಾಗದಲ್ಲಿ ಕೂಸಿನ ಹೆಸರನ್ನು ಸಣ್ಣದಾಗಿ ಒತ್ತಿ ಕೆತ್ತಿದ್ದರು. ಫೋಟೋದ ಹಿಂದೆ, ಜೋಪಾನವಾಗಿ ನಕಲು ಮಾಡಿಕೊಟ್ಟದ್ದಕ್ಕೆ ವಂದನೆ ಎಂದಿತ್ತು.

“ಆಲ್ಬಮ್ಮಿಗೆ ಹಾಕೇ,” ಎಂದರು ಇವರು.

“ಅಂಟು ಮುಗಿದಿದೆ,” ಎಂದೆ.

ಮೂರು ಸಲ ಉತ್ತರ ಬರೆಯಲು ಕೂತೆ. ‘ಅವತ್ತು ಕಾಣಿಸಿತ್ತು’ ಎನ್ನುವಲ್ಲಿಗೆ ಬಂದು ಪೆನ್ನಿನ ಕ್ಯಾಪು ಹಾಕಿದೆ. ಫೋಟೋ ಹೂಬತ್ತಿ ಡಬ್ಬಿಯ ಅಡಿಯಲ್ಲಿದೆ, ಮುಂದಿನ ವರ್ಗದಲ್ಲಿ ಅಹಮದಾಬಾದಿಗೂ ಅಲ್ಲೇ ಇದ್ದು ಬಂತು. ಬತ್ತಿ ಮುಗಿದಾಗ ಕೈಗೆ ಸಿಗುತ್ತದೆ. ಕೂಸಿನ ಹೆಸರಿಗಿಂತ ಮೊದಲು ಕಣ್ಣಿಗೆ ಬೀಳುವುದು ಮೇಲಿನ ಸಾಲು, ನಾನು ಕೆತ್ತಿಸಿದ್ದು.